ನಿಂತಿದ್ದ ಗಾಡಿ

ಮೇಷ್ಟ್ರು ಎಂದರೆ ಪಾಠಶಾಲೆಯ ಮೇಷ್ಟ್ರಲ್ಲ, ಕಾರು ಓಡಿಸಲು ಹೇಳಿಕೊಡುವ ಮೇಷ್ಟ್ರು. ಕಲಿಯಲು ಬಂದವರು ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದರೆ, ಪಕ್ಕದ ಸೀಟಿನಲ್ಲಿ ತಮ್ಮ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇಟ್ಟುಕೊಂಡು ಅರ್ಧ ಆಯಸ್ಸು ಕಳೆದವರು. ಊರಿಗೆಲ್ಲ ಲೈಸೆನ್ಸ್ ಕೊಡಿಸಿದ ಈ ಪುಣ್ಯಾತ್ಮ ಸ್ವಂತಕ್ಕೊಂದು ಕಾರು ಇಟ್ಟುಕೊಳ್ಳದೆ ಬಸ್ಸಿನಲ್ಲೇ ಓಡಾಡುತ್ತಿದ್ದರು. ಬಸ್ಸಿನಲ್ಲಿ ಕೂತಾಗಲೂ ಎದುರಿಗೆ ಏನಾದರೂ ಅಡ್ಡ ಬಂದರೆ ಅವರ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಪಕ್ಕದಲ್ಲಿ ಕೂತವರು ಇದೇನು ರೋಗವೋ ಎಂದು ಸ್ವಲ್ಪ ಆಚೆ ಸರಿದು ಕೂರುತ್ತಿದ್ದರು.

ಅವರ ಕಲಿಸುವ ರೀತಿಯಲ್ಲಿ ಒಂದು ವಿಶೇಷವಿತ್ತು. ಕಲಿಯುವವರು ಎಂಥ ಎಡವಟ್ಟಾದರೂ ಮಾಡಲಿ, ಗಾಡಿ ಕೆಮ್ಮಿ ನಿಂತುಹೋಗಲಿ, ಫುಟ್‌ಪಾತ್ ಹತ್ತಲಿ, ಹಿಂದಿನವರು ಹಾರನ್ ಒತ್ತಿ ಬಾಯಿಗೆ ಬಂದಂತೆ ಬೈಯಲಿ, ಮೇಷ್ಟ್ರ ಬಾಯಿಂದ ಬರುತ್ತಿದ್ದ ಮೊದಲ ಮಾತು ಒಂದೇ. "ತಪ್ಪು ನಂದು. ನೀವು ತಲೆ ಕೆಡಿಸ್ಕೋಬೇಡಿ." ಆಮೇಲೆ ಗಾಡಿ ಮತ್ತೆ ಹೊರಟು, ಎದುರಿಗೆ ಖಾಲಿ ರಸ್ತೆ ಸಿಕ್ಕಿ, ಕಲಿಯುವವರ ಉಸಿರು ಸಮವಾದ ಮೇಲೆ, ನಡೆದದ್ದೇನು, ಮುಂದಿನ ಸಲ ಏನು ಮಾಡಬೇಕು ಎಂದು ಮೆಲ್ಲಗೆ ಹೇಳುತ್ತಿದ್ದರು.

ಹುಟ್ಟಿನಿಂದ ಬಂದ ಗುಣವೇನಲ್ಲ ಅದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರೂ ಬೈದೇ ಕಲಿಸುತ್ತಿದ್ದರು. ಒಮ್ಮೆ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿಕೊಂಡು ಒದ್ದಾಡುತ್ತಿದ್ದ ಬ್ಯಾಂಕ್ ಗುಮಾಸ್ತನೊಬ್ಬ, ಇವರ ಬೈಗುಳ ಕೇಳಲಾರದೆ ಬಾಗಿಲು ತೆಗೆದು ಇಳಿದು, ಸುತ್ತ ಓಡುತ್ತಿದ್ದ ಗಾಡಿಗಳ ಮಧ್ಯೆ ನಡೆದೇ ಹೊರಟುಬಿಟ್ಟ. ಲಾರಿಯೊಂದು ಅವನ ತೋಳು ಸವರಿಕೊಂಡು ಹೋಯಿತು. ಜೀವ ಉಳಿಯಿತು, ಆದರೆ ಆ ಮನುಷ್ಯ ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಅವತ್ತಿನಿಂದ ಮೇಷ್ಟ್ರು ಬೈಯುವುದನ್ನು ಬಿಟ್ಟರು. "ಹೆದರಿದೋರಿಗೆ ಬ್ರೇಕ್ ಯಾವ್ದು, ಆಕ್ಸಿಲರೇಟರ್ ಯಾವ್ದು ಗೊತ್ತಾಗಲ್ಲ. ಮೊದ್ಲು ಹೆದರಿಕೆ ಇಳಿಸ್ಬೇಕು, ಆಮೇಲೆ ಗೇರು" ಎನ್ನುತ್ತಿದ್ದರು.

ಮನೆಯಲ್ಲಿ ಮಾತ್ರ ಈ ಔದಾರ್ಯದ ಸುಳಿವೂ ಇರಲಿಲ್ಲ. ನಲ್ಲಿ ಸರಿಯಾಗಿ ತಿರುಗಿಸದೆ ರಾತ್ರಿಯಿಡೀ ನೀರು ಸೋರಿದ್ದರೂ ಅದು ನಲ್ಲಿಯ ತಪ್ಪು. ಅವರ ಹೆಂಡತಿ ಬಟ್ಟೆ ಅಂಗಡಿಯೊಂದರಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡುವ, ಸೊಂಟ ಸಡಿಲಿಸುವ ಕೆಲಸದವರು. ಗಂಡನ ಅಳತೆಯೂ ಚೆನ್ನಾಗಿ ಗೊತ್ತಿತ್ತು. "ಇವರು ತಪ್ಪು ಒಪ್ಕೊಳೋದೆಲ್ಲ ಕಾರಲ್ಲೇ ಖರ್ಚಾಗೋಗುತ್ತೆ. ಮನೆಗೆ ಬರೋಷ್ಟ್ರಲ್ಲಿ ಒಂದೂ ಉಳಿದಿರಲ್ಲ" ಎಂದು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಮದುವೆಯಾಗಿ ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ ಅದನ್ನೇ ಕೇಳಿ ಕೇಳಿ ನಗುತ್ತಿದ್ದಳು.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಮೇಷ್ಟ್ರ ಹತ್ತಿರ ಕಲಿಯಲು ಬಂದವರು ಟ್ಯಾಕ್ಸಿಯಮ್ಮ. ಹೆಸರು ಬೇರೆಯೇ ಇತ್ತು, ಆದರೆ ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರೂ ಹಾಗೇ ಕರೆದರು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದವನು. ಅವನ ಕಣ್ಣು ಅಂಚಿನಿಂದ ಒಳಗೆ ಕತ್ತಲಾಗುತ್ತ ಬಂದು, ಈಗ ನಡುವೆ ಒಂದಿಷ್ಟು ಬೆಳಕು ಮಾತ್ರ ಉಳಿದಿತ್ತು. ಟ್ಯಾಕ್ಸಿ ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತ್ತು. ಟ್ಯಾಕ್ಸಿಯಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವರು, ಐವತ್ತರ ಹತ್ತಿರ ಹತ್ತಿರ. ಸೈಕಲ್ಲನ್ನೂ ತುಳಿದವರಲ್ಲ.

"ನಾನು ಓಡಿಸ್ತೀನಿ ಮೇಷ್ಟ್ರೇ, ಅವರು ಪಕ್ಕದಲ್ಲಿ ಕೂತು ದಾರಿ ಹೇಳ್ತಾರೆ" ಎಂದರು ಮೊದಲ ದಿನವೇ. "ಕಣ್ಣು ಹೋಗಿದ್ರೂ ಊರಿನ ದಾರಿಯೆಲ್ಲ ಅವರ ತಲೇಲಿ ಹಾಗೇ ಇದೆ. ಗಾಡಿ ಓಡಿದ್ರೆ ಅವರೂ ಮನುಷ್ಯರಾಗ್ತಾರೆ. ಈಗ ಗೋಡೆ ನೋಡ್ಕೊಂಡು ಕೂತಿರ್ತಾರೆ."

ಮೇಷ್ಟ್ರಿಗೆ ಆ ಲೆಕ್ಕಾಚಾರ ಬಹಳ ಹಿಡಿಸಿತು. ಮನೆಗೆ ಬಂದು ಹೆಂಡತಿಗೂ ಹೇಳಿದರು. ಆದರೆ ಕಲಿಸುವುದು ನೀರು ಕುಡಿದಷ್ಟು ಸುಲಭವಾಗಿರಲಿಲ್ಲ. ಟ್ಯಾಕ್ಸಿಯಮ್ಮನಿಗೆ ಹೆದರಿಕೆ ಎಂದರೆ ಹೆದರಿಕೆ. ಎದುರಿಗೆ ಬಸ್ಸು ಕಂಡರೆ ಕಣ್ಣು ಮುಚ್ಚಿಬಿಡುತ್ತಿದ್ದರು. ಮೇಷ್ಟ್ರು ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, ತಮ್ಮದೆಂದು ಹೇಳಿ, ಬೆಳಗ್ಗೆ ಲಾಂಡ್ರಿಯ ಪಾಳಿ ಶುರುವಾಗುವ ಮುಂಚೆ ಅವರನ್ನು ಕೂರಿಸಿಕೊಂಡು ಸುತ್ತಾಡಿಸಿದರು. ತಿಂಗಳುಗಳು ಕಳೆದವು. ಮಿಕ್ಕಿದ್ದೆಲ್ಲ ಸುಮಾರಾದರೂ ಗಾಡಿ ನಿಲ್ಲಿಸುವುದರಲ್ಲಿ ಆಕೆಯದು ಎತ್ತಿದ ಕೈ ಆಯಿತು. ಕೂತವರಿಗೆ ಗೊತ್ತೇ ಆಗದಂತೆ ಮೆಲ್ಲಗೆ ನಿಲ್ಲಿಸುತ್ತಿದ್ದರು. ಪರೀಕ್ಷೆಗೆ ದಿನವೂ ಗೊತ್ತಾಯಿತು.

ಅಂಥದ್ದೊಂದು ಬೆಳಗ್ಗೆ, ಅಂಗಡಿ ಸಾಲಿನ ಇಕ್ಕಟ್ಟಾದ ರಸ್ತೆಯಲ್ಲಿ, ಮುಂದೆ ಒಂದು ಬಿಳಿ ಕಾರು ನಿಂತಿತ್ತು. ಟ್ಯಾಕ್ಸಿಯಮ್ಮ ಅದರ ಹಿಂದೆ ಸಾಕಷ್ಟು ಜಾಗ ಬಿಟ್ಟು ನಿಲ್ಲಿಸಿದರು, ಗೇರು ತೆಗೆದು ಹ್ಯಾಂಡ್‌ಬ್ರೇಕನ್ನೂ ಎಳೆದರು. ಮೇಷ್ಟ್ರು "ಭೇಷ್" ಎಂದರು. ಆ ಮಾತು ಮುಗಿಯುವುದಕ್ಕೂ ಬಿಳಿ ಕಾರಿನ ಹಿಂದಿನ ದೀಪ ಹೊತ್ತುವುದಕ್ಕೂ ಸರಿಹೋಯಿತು. ಕಾರು ಹಿಂದಕ್ಕೆ ಬಂತು. ಮೇಷ್ಟ್ರು ಹಾರನ್ನಿಗೆ ಕೈ ಚಾಚುವಷ್ಟರಲ್ಲಿ ಗುದ್ದಿಯೇಬಿಟ್ಟಿತು. ದೊಡ್ಡ ಸದ್ದೇನೂ ಆಗಲಿಲ್ಲ. ಇವರ ಗಾಡಿಯ ಒಂದು ಹೆಡ್‌ಲೈಟು ಒಡೆಯಿತು, ಬಿಳಿ ಕಾರಿನ ಬಂಪರು ಒಳಕ್ಕೆ ಹೋಯಿತು.

ಟ್ಯಾಕ್ಸಿಯಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳಲು ಶುರುಮಾಡಿದರು. ಮೇಷ್ಟ್ರು ಏನು ಹೇಳಬೇಕೆಂದು ಯೋಚಿಸಲೂ ಇಲ್ಲ, ಅಷ್ಟು ವರ್ಷದ ನಾಲಿಗೆ ತನ್ನ ಪಾಡಿಗೆ ತಾನು ಆಡಿಬಿಟ್ಟಿತು. "ತಪ್ಪು ನಂದು. ಪೂರ್ತಿ ನಂದೇ ತಪ್ಪು. ನೀವು ತಲೆ ಕೆಡಿಸ್ಕೋಬೇಡಿ."

ಕಿಟಕಿ ತೆರೆದಿತ್ತು. ಬಿಳಿ ಕಾರಿನಿಂದ ಇಳಿದು ಬಂದಿದ್ದ ಹಲ್ಲಿನ ಡಾಕ್ಟರು ಆಗಲೇ ಫೋನು ಎತ್ತಿ ಹಿಡಿದು ಒಡೆದ ದೀಪ, ನಗ್ಗಿದ ಬಂಪರು ಎಲ್ಲವನ್ನೂ ಚಿತ್ರೀಕರಿಸುತ್ತಿದ್ದರು. ಚಿತ್ರದ ಜೊತೆ ಮೇಷ್ಟ್ರ ದನಿಯೂ ಸ್ಪಷ್ಟವಾಗಿ ಒಳಗೆ ಬಿತ್ತು. ತಪ್ಪು ಮಾಡಿಯೂ ಒಪ್ಪದವರು ಬೀದಿಗೊಬ್ಬರು ಸಿಗುತ್ತಾರೆ, ಮಾಡದೆಯೇ ಒಪ್ಪಿಕೊಳ್ಳುವವನು ಒಬ್ಬ ಸಿಕ್ಕರೆ ವಿಮೆಯವರು ಬಿಟ್ಟಾರೆಯೇ?

ಡಾಕ್ಟರ ವಿಮೆ ಕಂಪನಿ ತನ್ನ ಹೇಳಿಕೆ ಕಳಿಸಿತು: ನಿಂತಿದ್ದ ತಮ್ಮ ಗ್ರಾಹಕರ ಕಾರಿಗೆ ಡ್ರೈವಿಂಗ್ ಸ್ಕೂಲಿನ ಕಾರು ಹಿಂದಿನಿಂದ ಬಂದು ಗುದ್ದಿದೆ, ಕಲಿಸುವವರು ಸ್ಥಳದಲ್ಲೇ ಒಪ್ಪಿಕೊಂಡಿದ್ದಾರೆ, ಇಗೋ ಧ್ವನಿ. ಸ್ಕೂಲಿನ ವಿಮೆ ಕಂಪನಿಯೂ ಬೇರೆಯೇನಿಲ್ಲ, ಜಗಳ ಬೇಗ ಮುಗಿದರೆ ಸಾಕು ಎನ್ನುವ ಜಾತಿ. ಮಾಲೀಕರು ಮೇಷ್ಟ್ರನ್ನು ಕರೆದು ಕೂರಿಸಿದರು. ಆಫೀಸು ಎಂದರೆ ಒಂದು ಮೇಜು, ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ, ಮೂಲೆಯಲ್ಲಿ ಹಳೆಯ ಟೈರು.

"ಕಲಿಸೋರದ್ದೇ ತಪ್ಪು ಅಂತ ತೀರ್ಮಾನ ಆದ್ರೆ ನಿಮ್ಮನ್ನ ಪಾಲಿಸಿಯಿಂದ ತೆಗೀತಾರೆ" ಎಂದರು ಮಾಲೀಕರು. "ಪಾಲಿಸೀಲಿ ಹೆಸರಿಲ್ದೋರನ್ನ ನಾನು ಆ ಸೀಟಲ್ಲಿ ಕೂರ್ಸೋ ಹಾಗಿಲ್ಲ. ನಾನಷ್ಟೇ ಅಲ್ಲ, ಯಾವ ಸ್ಕೂಲೂ ಕೂರ್ಸಲ್ಲ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಹೋಗಿ ಮಾತಾಡಿ ಬನ್ನಿ."

ಮೇಷ್ಟ್ರು ಅರವತ್ತಕ್ಕೆ ಹತ್ತಿರ ಬಂದ ಮನುಷ್ಯ, ಪಕ್ಕದ ಸೀಟಿನಲ್ಲಿ ಕೂರುವುದು ಬಿಟ್ಟರೆ ಬೇರೇನೂ ಬರುವುದಿಲ್ಲ. ಆದರೂ ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು.

ಸ್ಕೂಲಿನ ವಿಮೆ ಕಂಪನಿಯ ಕೋಣೆ ತಣ್ಣಗಿತ್ತು. ವಿಚಾರಣೆ ಮಾಡುವ ಅಧಿಕಾರಿ ಅವರ ಮಗಳ ವಯಸ್ಸಿನ ಹುಡುಗಿ, ಮಾತಿನಲ್ಲಿ ಬೆಣ್ಣೆಯಷ್ಟು ಮೆತ್ತಗೆ. ಮೊದಲು ಅವರ ದನಿಯನ್ನು ಅವರಿಗೇ ಕೇಳಿಸಿದಳು. ಫೋನಿನಲ್ಲಿ ಕೇಳಿದಾಗ ಆ ಮಾತು ಮೇಷ್ಟ್ರಿಗೇ ಬೇರೆ ಯಾರದೋ ತಪ್ಪೊಪ್ಪಿಗೆಯಂತೆ ಕೇಳಿಸಿತು.

"ನಿಮ್ಮ ಗಾಡಿ ನಿಂತಿತ್ತು ಅಂತೀರ."

"ನಿಂತಿತ್ತಮ್ಮ. ಹ್ಯಾಂಡ್‌ಬ್ರೇಕ್ ಸಹ ಎಳೆದಿತ್ತು."

"ಕಲಿಯೋರ ತಪ್ಪೇನೂ ಇರ್ಲಿಲ್ಲ?"

"ಏನೇನೂ ಇರ್ಲಿಲ್ಲ."

"ನಿಮ್ದೂ ಇರ್ಲಿಲ್ಲ. ಹಾಗಾದ್ರೆ ಪೂರ್ತಿ ನಂದೇ ತಪ್ಪು ಅಂತ ಯಾಕಂದ್ರಿ ಸರ್?"

ಮೇಷ್ಟ್ರು ತಮ್ಮ ಅಭ್ಯಾಸವನ್ನು ವಿವರಿಸಿದರು. ಬ್ಯಾಂಕ್ ಗುಮಾಸ್ತನ ಕಥೆಯನ್ನೂ ಹೇಳಿದರು. "ಕಲಿಯೋರು ತಪ್ಪು ಮಾಡ್ದಾಗ ಗಾಬರಿ ಆಗ್ಬಾರ್ದಲ್ಲ, ಅದಕ್ಕೆ ನಾನು ಹಾಗನ್ನೋದು."

"ತಪ್ಪು ಮಾಡ್ದಾಗ" ಎಂದಳು ಅಧಿಕಾರಿ. "ಆದ್ರೆ ಅವತ್ತು ಅವರು ತಪ್ಪು ಮಾಡಿರ್ಲಿಲ್ಲ ಅಂತ ಈಗ ತಾನೇ ಹೇಳಿದ್ರಿ. ತಪ್ಪೇ ಮಾಡ್ದೆ ಇರೋರಿಗೆ ಸಮಾಧಾನ ಯಾಕೆ?"

ಆಕೆ ಅಳುತ್ತಿದ್ದರು, ಅದಕ್ಕೇ ಹೇಳಿದೆ ಎಂದರು ಮೇಷ್ಟ್ರು. ತಪ್ಪಿಲ್ಲದಿದ್ದರೆ ಅತ್ತದ್ದೇಕೆ ಎಂದು ಹುಡುಗಿ ಕೇಳಿದಳು. ಅದಕ್ಕೂ ಉತ್ತರವಿತ್ತು, ಆದರೆ ಹೇಳಿದಷ್ಟೂ ಸುಳ್ಳಿನಂತೆ ಕೇಳಿಸುತ್ತಿತ್ತು. ಟ್ಯಾಕ್ಸಿಯಮ್ಮನಿಗೂ ಫೋನು ಮಾಡಿ ವಿಚಾರಿಸಿದ್ದಳಂತೆ. ಆಕೆ, "ನಿಲ್ಲಿಸಿದ್ದೆ ಅನ್ಸುತ್ತೆ. ಆದ್ರೆ ತಪ್ಪು ನಂದು ಅಂತ ಮೇಷ್ಟ್ರೇ ಹೇಳಿದ್ರು. ಅವರಿಗೆ ಗೊತ್ತಿರುತ್ತೆ" ಎಂದಿದ್ದರಂತೆ. ಹಲ್ಲಿನ ಡಾಕ್ಟರು ಮಾತ್ರ ಒಂದಕ್ಷರ ಆಚೀಚೆ ಆಗದಂತೆ, ತಮ್ಮ ಕಾರು ನಿಂತಿತ್ತು ಎಂದೇ ಹೇಳಿದ್ದರು.

"ಇನ್ನೊಂದ್ಸಲ ನೆನಪು ಮಾಡ್ಕೊಳಿ ಸರ್" ಎಂದು ಹುಡುಗಿ ಎದ್ದಳು. "ನಿಮ್ಮ ಹೇಳಿಕೆಯಲ್ಲಿ ಒಂದಕ್ಕೊಂದು ಹೊಂದ್ತಿಲ್ಲ. ಹೊಂದಿದ್ರೆ ನಾನು ಒಪ್ಕೋತೀನಿ."

ಅವಳು ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹಾಗೆಂದಳು. ಈ ಕಥೆ ಹೇಳುತ್ತಿರುವ ನನಗೆ ಸಿಟ್ಟು ಬರುವುದು ಅದಕ್ಕೇ. ನಿಜವೇನೆಂದು ಯಾರಿಗೂ ಬೇಕಾಗಿರಲಿಲ್ಲ, ಹೊಂದಿಕೊಂಡರೆ ಸಾಕಿತ್ತು.

ಮಾಲೀಕರಿಗೆ ವಿಷಯ ತಿಳಿಯಲು ಹೊತ್ತು ಹಿಡಿಯಲಿಲ್ಲ. "ಅಯ್ಯೋ, ಇಷ್ಟೇನಾ! ಕ್ಲಚ್ಚಿಂದ ಆಯಮ್ಮನ ಕಾಲು ಸ್ವಲ್ಪ ಜಾರ್ತು ಅನ್ನಿ. ಗಾಡಿ ಒಂದು ಗೇಣು ಮುಂದೆ ಹೋಯ್ತು, ನೀವು ತಕ್ಷಣ ಬ್ರೇಕ್ ಒತ್ತಿದ್ರಿ, ಸಮಾಧಾನ ಹೇಳಿದ್ರಿ. ಕಲಿಯೋರು ತಪ್ಪು ಮಾಡೋದು ದೊಡ್ಡ ಸಂಗತೀನಾ? ಅದಕ್ಕೇ ತಾನೆ ಕಲಿಯೋಕೆ ಬರೋದು? ಆಯಮ್ಮಂಗೇನು ನಷ್ಟ? ಲೈಸೆನ್ಸೇ ಇಲ್ಲ, ಇನ್ನು ಲೈಸೆನ್ಸಿಗೆ ಮಸಿ ಎಲ್ಲಿಂದ ಹತ್ತುತ್ತೆ?"

ಮೇಷ್ಟ್ರು ಕಿವಿ ಮುಚ್ಚಿಕೊಳ್ಳುವವರಂತೆ ಎದ್ದು ಬಂದರು. ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು, ಯಾರದೋ ಕೋಟಿನ ಅಸ್ತರು ಬಿಚ್ಚುತ್ತಿದ್ದರು. ಗಂಡ ಹೇಳಿದ್ದನ್ನು ಪೂರ್ತಿ ಕೇಳಿದರು. ಅವರು ಬೇಡ ಎನ್ನುತ್ತಾರೆ ಎಂದು ಮೇಷ್ಟ್ರು ಕಾದರು. ಬೇಡ ಎಂದಿದ್ದರೆ ಬಹುಶಃ ಬಿಟ್ಟುಬಿಡುತ್ತಿದ್ದರು.

"ನನ್ನ ಕಣ್ಣೂ ಮೊದಲಿನ ಹಾಗಿಲ್ಲ" ಎಂದರು ಹೆಂಡತಿ, ಅಸ್ತರಿನಿಂದ ತಲೆಯೆತ್ತದೆ. "ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣಲ್ಲ. ಅಂಗಡಿಯವರಿಗೆ ಇನ್ನೂ ಹೇಳಿಲ್ಲ." ಇನ್ನೊಂದು ಹೊಲಿಗೆ ಬಿಚ್ಚಿ, "ಆಯಮ್ಮಂಗೇನೂ ಆಗಲ್ಲ ತಾನೆ?" ಎಂದು ಕೇಳಿದರು.

"ಏನೂ ಆಗಲ್ಲ" ಎಂದರು ಮೇಷ್ಟ್ರು.

ಮತ್ತೆ ಅದೇ ತಣ್ಣನೆಯ ಕೋಣೆ. ಮೇಷ್ಟ್ರು ಹೇಳಬೇಕಾದ್ದನ್ನು ಹೇಳಿದರು. ಕಾಲು ಜಾರಿತು, ಗಾಡಿ ಒಂದು ಗೇಣು ಮುಂದೆ ಹೋಯಿತು, ನಾನು ಬ್ರೇಕ್ ಒತ್ತಿದೆ. ದನಿ ನಡುಗಲಿಲ್ಲ. ಅಷ್ಟು ಕಾಲ ಬೇರೆಯವರ ತಪ್ಪನ್ನು ತಮ್ಮದೆಂದು ಹೇಳಿ ಪಳಗಿದ್ದವರಿಗೆ, ಯಾರ ತಪ್ಪನ್ನೋ ಯಾರ ಮೇಲೋ ಇಡುವುದು ಇಷ್ಟು ಸಲೀಸೇ ಎಂದು ಅವರಿಗೇ ದಿಗಿಲಾಯಿತು. ಹುಡುಗಿಯ ಮುಖ ಅರಳಿತು. "ಈಗ ಎಲ್ಲ ಹೊಂದ್ತು ಸರ್" ಎಂದಳು. ಹೊರಗೆ ಕಳಿಸುವಾಗ ಬಾಗಿಲವರೆಗೂ ಬಂದಳು.

ತೀರ್ಮಾನ ಬಂತು. ಕಲಿಯುವವರ ಕ್ಷಣಿಕ ಅಚಾತುರ್ಯ, ಕಲಿಸುವವರು ತಕ್ಕ ಎಚ್ಚರ ವಹಿಸಿದ್ದಾರೆ. ಎರಡೂ ಕಂಪನಿಗಳು ಕೈ ಕುಲುಕಿದವು. ಡಾಕ್ಟರಿಗೆ ಹೊಸ ಬಂಪರು ಬಂತು, ಸ್ಕೂಲಿನ ಗಾಡಿಗೆ ಹೊಸ ಹೆಡ್‌ಲೈಟು ಬಂತು. ಮಾಲೀಕರು ಮೇಷ್ಟ್ರ ಬೆನ್ನು ತಟ್ಟಿ, "ನೋಡಿದ್ರಾ, ನಾನು ಹೇಳ್ಲಿಲ್ವಾ?" ಎಂದರು. ಮೇಷ್ಟ್ರು ಗೋಣು ಆಡಿಸಿದರು.

ಟ್ಯಾಕ್ಸಿಯಮ್ಮ ಆ ವಾರ ಪಾಠಕ್ಕೆ ಬರಲಿಲ್ಲ. ಪಾಳಿ ಬದಲಾಗಿರಬಹುದು ಎಂದುಕೊಂಡರು. ಮುಂದಿನ ವಾರವೂ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಪರೀಕ್ಷೆಯ ದಿನ ಮೇಷ್ಟ್ರು ಪರೀಕ್ಷೆಯ ಮೈದಾನದ ಗೇಟಿನ ಹತ್ತಿರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಆಕೆಯ ಸರದಿ ಬಂತು, ಹೆಸರು ಕೂಗಿದರು, ಮತ್ತೆ ಕೂಗಿದರು, ಮುಂದಿನವರನ್ನು ಕರೆದರು.

ಆಮೇಲೊಂದು ಸಂಜೆ ಆಕೆಯೇ ಸ್ಕೂಲಿಗೆ ಬಂದರು. ಲಾಂಡ್ರಿಯಿಂದ ನೇರ ಬಂದಿದ್ದರು, ಮೈಯಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತಿತ್ತು. ಮೇಷ್ಟ್ರು ಪಾಠದ ಗಾಡಿಯ ಗಾಜು ಒರೆಸುತ್ತಿದ್ದರು.

"ನಿಮ್ಮನ್ನ ನೋಡೋಕೆ ಮುಖ ಇರ್ಲಿಲ್ಲ ಮೇಷ್ಟ್ರೇ, ಅದಕ್ಕೇ ಫೋನ್ ಎತ್ಲಿಲ್ಲ" ಎಂದರು. "ಇನ್ಶೂರೆನ್ಸಿನವರು ಫೋನ್ ಮಾಡಿದ್ರು. ನಿಮ್ಮ ಕಾಲು ಜಾರ್ತು ಅಂತ ಮೇಷ್ಟ್ರು ಹೇಳ್ತಾರೆ, ಹೌದಾ ಅಂದ್ರು. ಮೇಷ್ಟ್ರು ಹೇಳಿದ್ಮೇಲೆ ಹೌದು ಅಂದೆ. ನನ್ನಿಂದ ನೀವು ಎಷ್ಟು ಓಡಾಡಿದ್ರೋ ಏನೋ. ಕ್ಷಮಿಸ್ಬೇಕು."

ಮೇಷ್ಟ್ರ ಕೈಯಲ್ಲಿದ್ದ ಬಟ್ಟೆ ಗಾಜಿನ ಮೇಲೆ ನಿಂತಲ್ಲೇ ನಿಂತಿತು.

"ಪರೀಕ್ಷೆಗೆ ಯಾಕೆ ಬರ್ಲಿಲ್ಲ?"

"ಯಾವ ಧೈರ್ಯದ ಮೇಲೆ ಬರ್ಲಿ? ನಿಲ್ಲಿಸಿದ್ದೆ ಅಂತ ಆಣೆ ಮಾಡೋ ಅಷ್ಟು ಗಟ್ಟಿಯಾಗಿ ಅನ್ಕೊಂಡಿದ್ದೆ. ಬ್ರೇಕ್ ಎಳೆದಿದ್ದು ಕೈಗೆ ನೆನಪಿದೆ. ನೀವು ಭೇಷ್ ಅಂದಿದ್ದೂ ಕಿವೀಲಿದೆ. ಅದೆಲ್ಲ ಸುಳ್ಳು ಅಂದ್ಮೇಲೆ ಇನ್ನು ನನ್ನ ಕಾಲನ್ನ ನಾನು ಹೇಗೆ ನಂಬ್ಲಿ? ನಾಳೆ ನಿಲ್ಲಿಸಿದ್ದೀನಿ ಅನ್ಕೊಂಡು ಯಾರದ್ದೋ ಮಗು ಮೇಲೆ ಹತ್ತಿಸಿದ್ರೆ? ಪಕ್ಕದಲ್ಲಿ ಕೂತಿರೋ ನಮ್ಮನೆಯವರಿಗೂ ಕಾಣಲ್ಲ." ಆಕೆ ಅಳುತ್ತಿರಲಿಲ್ಲ. ಅತ್ತು ಮುಗಿಸಿ ಬಂದವರಂತೆ ಮಾತಾಡುತ್ತಿದ್ದರು. "ಗಾಡಿ ಮಾರಿಬಿಟ್ವಿ. ಮೊನ್ನೆ ಬಂದು ತಗೊಂಡು ಹೋದ್ರು. ನಮ್ಮನೆಯವರು ಎರಡು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ. ಈಗ ಪರವಾಗಿಲ್ಲ."

ಮೇಷ್ಟ್ರು ಬಟ್ಟೆಯನ್ನು ಬಾನೆಟ್ಟಿನ ಮೇಲೆ ಎಸೆದರು. ಕೆಲಸ, ಪಾಲಿಸಿ, ಹೆಂಡತಿಯ ಕಣ್ಣು ಎಲ್ಲವೂ ಆ ಕ್ಷಣಕ್ಕೆ ಮರೆತುಹೋಯಿತು. ಮಾಲೀಕರಿಗೆ ಕೇಳಿಸಿದರೆ ಕೇಳಿಸಲಿ ಎಂಬಷ್ಟು ಜೋರಾಗಿ ಹೇಳಿದರು.

"ಕೇಳಿ ಇಲ್ಲಿ. ನಿಮ್ಮ ಕಾಲು ಜಾರ್ಲಿಲ್ಲ. ಗಾಡಿ ನಿಂತಿತ್ತು. ಅಲ್ಲಾಡ್ಲೂ ಇಲ್ಲ. ಆ ಡಾಕ್ಟರೇ ಹಿಂದೆ ಬಂದು ಗುದ್ದಿದ್ದು. ನನ್ನ ಕೆಲಸ ಹೋಗುತ್ತೆ ಅಂತ ನಾನು ನಿಮ್ಮ ಮೇಲೆ ಹಾಕ್ದೆ. ನೀವೇನೂ ಮಾಡಿಲ್ಲ. ಎಲ್ಲಾ ನಂದೇ."

ಟ್ಯಾಕ್ಸಿಯಮ್ಮ ಅವರನ್ನೇ ನೋಡಿದರು. ಮುಖದಲ್ಲಿ ಮೆಲ್ಲಗೆ ಒಂದು ನಗು ಬಂತು, ಅಷ್ಟು ದಿನದಲ್ಲಿ ಮೇಷ್ಟ್ರು ನೋಡಿದ ಅತಿ ಪ್ರೀತಿಯ ನಗು.

"ನೀವು ಹೀಗೇ ಹೇಳ್ತೀರ ಅಂತ ಬರುವಾಗ್ಲೇ ನಮ್ಮನೆಯವರಿಗೆ ಹೇಳಿದ್ದೆ" ಎಂದರು. "ನಿಮ್ಮಂಥ ಮೇಷ್ಟ್ರು ಯಾರಿಗೂ ಸಿಗಲ್ಲ. ಆದ್ರೆ ನನಗೆ ಸಮಾಧಾನ ಹೇಳೋಕೆ ಇನ್ನು ಸುಳ್ಳು ಹೇಳ್ಬೇಡಿ."

"ಸುಳ್ಳಲ್ಲಮ್ಮ, ದೇವರಾಣೆ—"

"ಆಯ್ತು, ಆಯ್ತು" ಎಂದರು ಆಕೆ, ಹಟ ಮಾಡುವ ಮಗುವಿನ ಮಾತಿಗೆ ಒಪ್ಪುವವರಂತೆ. ಬಗ್ಗಿ ನಮಸ್ಕಾರ ಮಾಡಿ, ಕೈಚೀಲವನ್ನು ಹೆಗಲಿಗೆ ಏರಿಸಿಕೊಂಡು, ಬಸ್ ಹೊರಡುವ ಹೊತ್ತಾಯಿತೆಂದು ರಸ್ತೆ ದಾಟಿದರು. ದಾಟುವ ಮುಂಚೆ ಎರಡೂ ಕಡೆ ನೋಡಿದರು.